ಕಾಲುವೆ ಅಗಲಿಸುವ ಜೀವಕೋಶಗಳು



ಎಳೆ ಬಸಿರಿನಲ್ಲಿ ಮಾಸು ಬೇರೂರುವ ಜಾಗವೊಂದಿದೆಯಲ್ಲ, ಗರ್ಭಕೋಶದ ಒಳಪದರ, ಅದರ ಒಂದು ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಅಲ್ಲಿರುವ ಬಿಳಿ ರಕ್ತಕಣಗಳಲ್ಲಿ ನೂರಕ್ಕೆ ಸುಮಾರು 70 ಒಂದೇ ಜಾತಿಯವು. ಅವುಗಳ ಹೆಸರು ‘ನ್ಯಾಚುರಲ್ ಕಿಲ್ಲರ್’, ಅಂದರೆ ಹುಟ್ಟು ಕೊಲೆಗಾರ ಕಣಗಳು. ರಕ್ತದಲ್ಲಿರುವ ಇವುಗಳ ದಾಯಾದಿಗಳು ಕ್ಯಾನ್ಸರ್ ಕಣಗಳನ್ನು ಕೊಲ್ಲುವುದನ್ನು ಕಂಡು 1970ರ ದಶಕದಲ್ಲಿ ಇಟ್ಟ ಹೆಸರು ಅದು. ಹಾಗಾದರೆ ಇನ್ನೂ ಕಣ್ಣುಬಿಡದ ಕೂಸಿನ ಸುತ್ತ ಕೊಲೆಗಾರರ ಪಡೆ ಏಕೆ? ಈ ಪ್ರಶ್ನೆಯ ಬೆನ್ನುಹತ್ತಿ ದಶಕಗಳ ಕಾಲ ದುಡಿದವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವೈದ್ಯವಿಜ್ಞಾನಿ ಆಶ್ಲಿ ಮಾಫೆಟ್.

ಅದಕ್ಕೂ ಮೊದಲು, 1953ರಲ್ಲಿ, ಪೀಟರ್ ಮೆಡಾವರ್ ಒಂದು ಸೊಗಸಾದ ಪ್ರಶ್ನೆ ಎತ್ತಿದ್ದರು. ಬೇರೆಯವರ ಚರ್ಮವನ್ನು ಕಸಿ ಮಾಡಿದರೆ ನಮ್ಮ ದೇಹ ಅದನ್ನು ಒಪ್ಪುವುದಿಲ್ಲ. ಮಗುವಿನಲ್ಲಿ ಅರ್ಧ ತಂದೆಯದೇ ಅಂಶ. ತಾಯಿಯ ದೇಹ ಅದನ್ನು ಒಂಬತ್ತು ತಿಂಗಳು ಹೇಗೆ ಇರಗೊಡುತ್ತದೆ? ಪ್ರಶ್ನೆ ಒಳ್ಳೆಯದೇ. ಆದರೆ ಅದರಿಂದ ಒಂದು ತಪ್ಪು ಚಿತ್ರ ಬೆಳೆಯಿತು: ತಾಯಿಯ ರೋಗನಿರೋಧಕ ಶಕ್ತಿ ಮಗುವಿನ ವೈರಿ, ಅದನ್ನು ಹೇಗಾದರೂ ಅಡಗಿಸಬೇಕು ಎಂದು.

ಮಾಫೆಟ್ ಮತ್ತು ಅವರ ಸಂಗಡಿಗರು ಕಂಡದ್ದು ಬೇರೆಯೇ. ಗರ್ಭಕೋಶಕ್ಕೆ ರಕ್ತ ತರುವ ನಾಳಗಳು ಸುರುಳಿಯಾಗಿ, ಕಿರಿದಾಗಿ ಇರುತ್ತವೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಕಣಗಳು ತಾಯಿಯ ಒಳಪದರಕ್ಕೆ ಇಳಿದು, ಈ ನಾಳಗಳ ಗೋಡೆಯ ಸ್ನಾಯುವನ್ನು ಕರಗಿಸಿ, ಅವನ್ನು ಅಗಲ ಮಾಡುತ್ತವೆ. ಕೆರೆಯಿಂದ ಗದ್ದೆಗೆ ಬರುವ ಕಿರುಗಾಲುವೆಯನ್ನು ಅಗೆದು ಅಗಲಿಸಿದ ಹಾಗೆ. ಆಗ ನೀರು ರಭಸ ಬಿಟ್ಟು, ನಿಧಾನವಾಗಿ, ಧಾರಾಳವಾಗಿ ಹರಿಯುತ್ತದೆ. ಎಲ್ಲಿಯವರೆಗೆ ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸುವುದರಲ್ಲಿ ಆ ‘ಕೊಲೆಗಾರ’ ಕಣಗಳದ್ದು ದೊಡ್ಡ ಪಾತ್ರ. ಅವು ಮಗುವನ್ನು ಕೊಲ್ಲುವುದಿಲ್ಲ. ಆ ಹೆಸರು ಅವಕ್ಕೆ ಅಂಟಿದ್ದು ನನಗಂತೂ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಕಾಲುವೆ ಸಾಕಷ್ಟು ಅಗಲವಾಗದಿದ್ದರೆ? ಮಾಸಿಗೆ ರಕ್ತ ಸಾಲದು, ಕೂಸು ಸೊರಗುತ್ತದೆ. ತಾಯಿಗೆ ಬಿ.ಪಿ. ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗುತ್ತದೆ, ಕೈ ಬಿಟ್ಟರೆ ಫಿಟ್ಸ್ ಬಂದು ಜೀವಕ್ಕೇ ಎರವಾಗಬಹುದು. ಇದೇ ಪ್ರೀಎಕ್ಲಾಂಪ್ಸಿಯಾ, ಬಸಿರಿನ ನಂಜು. 2004ರಲ್ಲಿ ಮಾಫೆಟ್ ತಂಡ ಒಂದು ಸುಳಿವು ಹಿಡಿಯಿತು. ತಾಯಿಯ ಆ ‘ಕೊಲೆಗಾರ’ ಕಣಗಳ ಮೇಲಿರುವ ಗ್ರಾಹಕಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಮಗುವಿನ ಕಣಗಳ ಗುರುತೂ ಹಾಗೆಯೇ, ಅದರಲ್ಲಿ ಅರ್ಧ ತಂದೆಯಿಂದ ಬಂದದ್ದು. ಕೆಲವು ಜೋಡಿಗಳಲ್ಲಿ ತಾಯಿಯ ಕಣಗಳು ತೀರಾ ತಣ್ಣಗಾಗಿಬಿಡುತ್ತವೆ, ನಂಜಿನ ಅಪಾಯ ಹೆಚ್ಚುವುದು ಅಲ್ಲೇ. ತೊಂದರೆ ಬಂದದ್ದು ಕಣಗಳು ಕೆರಳಿದ್ದರಿಂದಲ್ಲ, ಸುಮ್ಮನಾದದ್ದರಿಂದ!

ಈ ಕೆಲಸ ಕೇಂಬ್ರಿಡ್ಜಿನಲ್ಲೇ ನಿಲ್ಲಲಿಲ್ಲ. ಉಗಾಂಡಾದ ಕಂಪಾಲಾದಲ್ಲಿ, ಮಕೆರೆರೆ ವಿಶ್ವವಿದ್ಯಾಲಯದ ಹೆರಿಗೆ ತಜ್ಞೆ ಅನೆಟ್ ನಕಿಮುಲಿ ಮುಲಾಗೋ ಆಸ್ಪತ್ರೆಯ ತಾಯಂದಿರಲ್ಲಿ ಇದೇ ಪರೀಕ್ಷೆ ನಡೆಸಿದರು. ನಂಜಿನಿಂದ ಕಾಪಾಡುವ, ಯೂರೋಪಿನವರಲ್ಲಿ ಇಲ್ಲದ ಒಂದು ಜೀನ್ ಗುಂಪು ಆಫ್ರಿಕಾದ ಹೆಂಗಸರಲ್ಲಿ ಇರುವುದು 2015ರಲ್ಲಿ ಪ್ರಕಟವಾಯಿತು. ಹೆಚ್ಚು ತಾಯಂದಿರು ಸಾಯುವ ಊರುಗಳಲ್ಲೇ ನಿಂತು ಕಾರಣ ಹುಡುಕಿದ್ದು ಇದರ ಹಿರಿಮೆ.

ಈಗ ಚಿಕಿತ್ಸೆಯ ಮಾತು. ಪದೇಪದೇ ಬಸಿರು ಇಳಿದುಹೋದವರಿಗೆ ಗಂಡನ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ ಚುಚ್ಚುವ ಪದ್ಧತಿಯೊಂದಿದೆ. ತಂದೆಯ ಕಣಗಳು ಮೊದಲೇ ಪರಿಚಯವಾದರೆ ತಾಯಿಯ ದೇಹ ಮಗುವನ್ನು ಒಪ್ಪೀತು ಎಂಬ ಎಣಿಕೆ. 1985ರಲ್ಲಿ ಲಂಡನ್ನಿನಿಂದ ಬಂದ ಒಂದು ವರದಿ ಆಸೆ ಹುಟ್ಟಿಸಿತ್ತು. ಇತ್ತ ಈ ‘ಕೊಲೆಗಾರ’ ಕಣಗಳನ್ನು ರಕ್ತದಲ್ಲಿ ಎಣಿಸಿ, ಹೆಚ್ಚಿವೆ ಎಂದು ಹೇಳಿ, ಅವನ್ನು ಅಡಗಿಸಲು ಸ್ಟೀರಾಯ್ಡ್ ಕೊಡುವುದೂ ಶುರುವಾಯಿತು. ತೋಳಿನ ರಕ್ತದ ಕಣಗಳು ಗರ್ಭಕೋಶದ ಕಣಗಳಿಗಿಂತ ಬೇರೆ, ಒಂದನ್ನು ಎಣಿಸಿದರೆ ಇನ್ನೊಂದರ ಸ್ಥಿತಿ ತಿಳಿಯದು ಎಂದು ಮಾಫೆಟ್ 2004ರಲ್ಲೇ ಎಚ್ಚರಿಸಿದರು. ದುಃಖದಲ್ಲಿರುವ ಹೆಣ್ಣುಮಗಳು ಯಾವ ಚೀಟಿಗಾದರೂ ತಲೆಯಾಡಿಸುತ್ತಾಳೆ. ಆದ್ದರಿಂದ ಬರೆದುಕೊಡುವವರ ಹೊಣೆ ಇಮ್ಮಡಿ.

ಗಂಡನ ಕಣಗಳ ಚಿಕಿತ್ಸೆಯನ್ನು ಅಮೆರಿಕದ ಕ್ಯಾರೊಲ್ ಓಬರ್ ಮತ್ತು ಅವರ ತಂಡ ಸರಿಯಾಗಿ ಒರೆಗೆ ಹಚ್ಚಿತು. ಫಲಿತಾಂಶ ಪ್ರಕಟವಾದದ್ದು 1999ರಲ್ಲಿ. ಮೂರು ಅಥವಾ ಹೆಚ್ಚು ಬಾರಿ ಬಸಿರು ಕಳೆದುಕೊಂಡ ಹೆಂಗಸರಲ್ಲಿ ಕೆಲವರಿಗೆ ಗಂಡನ ಕಣಗಳು, ಕೆಲವರಿಗೆ ಬರೀ ಸಲೈನ್. ಯಾರಿಗೆ ಯಾವುದು ಎಂದು ಅವರಿಗೇ ತಿಳಿದಿರಲಿಲ್ಲ. ಮತ್ತೆ ಬಸುರಾದವರಲ್ಲಿ, ಕಣಗಳನ್ನು ಪಡೆದವರ ಪೈಕಿ ನೂರಕ್ಕೆ 46 ಮಂದಿಯ ಬಸಿರು 28 ವಾರ ದಾಟಿತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಅನುಮತಿ ಪಡೆದ ಸಂಶೋಧನೆಯ ಹೊರಗೆ ಈ ಚಿಕಿತ್ಸೆ ಕೂಡದೆಂದಿತು.

ಬರೀ ಸಲೈನ್ ಪಡೆದವರಲ್ಲಿ 28 ವಾರ ದಾಟಿದವರು ನೂರಕ್ಕೆ 65.