ಮತ್ತೆ ಹಾರಿದ ಲಿಬರೇಟರ್

ಕವಲಂದೆ ಕಡೆಯ ರೈತರು ಕೆಟ್ಟ ಪಂಪ್‌ಸೆಟ್ಟನ್ನು ಅಷ್ಟು ಸುಲಭಕ್ಕೆ ಗುಜರಿಗೆ ಹಾಕುವುದಿಲ್ಲ. ಬಿಚ್ಚಿ, ರಿಪೇರಿ ಮಾಡಿಸಿ ನೀರೆತ್ತುತ್ತಾರೆ. ಬೆಂಗಳೂರಿನ ಎಚ್‌ಎಎಲ್ 1948ರಲ್ಲಿ ಬಾಂಬರ್ ವಿಮಾನಗಳಿಗೇ ಹಾಗೆ ಮಾಡಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲೇ ಬಿಟ್ಟುಹೋಗಿದ್ದರು. ಸುಮ್ಮನೆ ಬಿಟ್ಟಿರಲಿಲ್ಲ. ಬೇರೆ ಯಾರೂ ಹಾರಿಸಬಾರದೆಂದು ಮೀಟರುಗಳನ್ನು ಒಡೆದು, ಎಂಜಿನ್ನಿಗೆ ಮರಳು ಸುರಿದಿದ್ದರು. ಎಚ್‌ಎಎಲ್ ಕೆಲಸಗಾರರು ಅಲ್ಲಿಗೇ ಹೋಗಿ, ಒಂದು ಸಲ ಹಾರುವಷ್ಟು ಸರಿಮಾಡಿದರು. ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ರಿಪೇರಿ. ಹೀಗೆ ನಲವತ್ತರಷ್ಟು ಲಿಬರೇಟರ್‌ಗಳು ನಮ್ಮ ವಾಯುಪಡೆ ಸೇರಿ, 1968ರವರೆಗೂ ದುಡಿದವು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿನಲ್ಲಿ ಈಗ ಇರುವ ಲಿಬರೇಟರ್ ಕೂಡ ಭಾರತವೇ ಕೊಟ್ಟದ್ದು.