ಲಂಚದ ಪ್ರಕರಣಗಳು: ಸಾಕ್ಷ್ಯ ಸೋಲುವುದೆಲ್ಲಿ?



ಲಂಚ ಪಡೆಯುತ್ತಿದ್ದ ಅಧಿಕಾರಿಯೊಬ್ಬರು ಸಿಕ್ಕಿಬಿದ್ದರೆಂಬ ಸುದ್ದಿ ಓದಿದಾಗ ನಾವು ಸಂತೋಷಪಡುತ್ತೇವೆ. ಕೆಲವು ವರ್ಷಗಳ ಬಳಿಕ ಅದೇ ಅಧಿಕಾರಿ ಖುಲಾಸೆಗೊಂಡರೆ, ನ್ಯಾಯವೂ ಮಾರಾಟವಾಯಿತೆಂದು ಗೊಣಗುತ್ತೇವೆ. ಈ ಎರಡು ಸುದ್ದಿಗಳ ನಡುವೆ ಏನು ನಡೆಯಿತೆಂದು ವಿಚಾರಿಸುವವರು ನಮ್ಮಲ್ಲಿ ವಿರಳ. ಇಂದು ಅದನ್ನು ವಿಚಾರಿಸೋಣ.

ಬಲೆ ಬೀಸುವ ಕ್ರಮ ಹೀಗಿದೆ. ದೂರುದಾರರು ತಂದ ನೋಟುಗಳ ಸಂಖ್ಯೆಗಳನ್ನು ಪಂಚರ ಸಮ್ಮುಖದಲ್ಲಿ ಬರೆದುಕೊಂಡು, ಅವುಗಳಿಗೆ ಫಿನಾಫ್ತಲಿನ್ ಪುಡಿ ಸವರಲಾಗುತ್ತದೆ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೋನೇಟ್ ದ್ರಾವಣದಲ್ಲಿ ತೊಳೆಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟಕ್ಕೆ ಅಪರಾಧ ಸಾಬೀತಾಯಿತೆಂದು ನಾವು ಭಾವಿಸುತ್ತೇವೆ. ಆದರೆ ಆ ನೀರು ಹೇಳುವುದು, ಈ ಕೈ ಆ ನೋಟನ್ನು ಮುಟ್ಟಿದೆ ಎಂಬುದನ್ನು ಮಾತ್ರ. ಹಣವನ್ನು ಕೇಳಿ ಪಡೆದರೇ, ಕೊಟ್ಟ ಸಾಲವನ್ನು ಮರಳಿ ಪಡೆದರೇ, ಬೇಡವೆಂದರೂ ಯಾರಾದರೂ ಕೈಗೆ ತುರುಕಿದರೇ ಎಂಬುದನ್ನು ಅದು ಹೇಳಲಾರದು.

ಆದ್ದರಿಂದಲೇ 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಇಂತಹ ಪ್ರಕರಣಗಳಲ್ಲಿ ಬೇಡಿಕೆ ಮತ್ತು ಸ್ವೀಕಾರ ಎರಡೂ ಸಾಬೀತಾಗಬೇಕು. ಹಣ ವಶಪಡಿಸಿಕೊಂಡ ಮಾತ್ರಕ್ಕೆ ಶಿಕ್ಷೆ ವಿಧಿಸಲಾಗದೆಂದು ಸುಪ್ರೀಂ ಕೋರ್ಟ್ 2014ರ ಬಿ. ಜಯರಾಜ್ ಪ್ರಕರಣದಲ್ಲಿಯೂ 2015ರ ಸತ್ಯನಾರಾಯಣ ಮೂರ್ತಿ ಪ್ರಕರಣದಲ್ಲಿಯೂ ಸ್ಪಷ್ಟಪಡಿಸಿತು. ಆರೋಪಿಯ ವಿರುದ್ಧ ಊಹೆ ಮಾಡಲು 20ನೇ ಸೆಕ್ಷನ್ ಅವಕಾಶ ನೀಡುತ್ತದೆ, ನಿಜ. ಆದರೆ ಮೂಲ ಸಂಗತಿಗಳು ರುಜುವಾತಾದ ಬಳಿಕವೇ ಆ ಊಹೆ ಹುಟ್ಟುತ್ತದೆ.

ಇದು ಭ್ರಷ್ಟರಿಗೆ ತೋರಿದ ದಯೆಯೇ? ಅಲ್ಲ. ಲಂಚಕ್ಕೆ ಕೈಚಾಚದ ಗುಮಾಸ್ತನ ಮೇಜಿನ ಮೇಲೆ ದ್ವೇಷದಿಂದ ಹಣವಿಟ್ಟು ಸಿಲುಕಿಸುವುದು ಕಷ್ಟವೇನಲ್ಲ. ಅವನನ್ನು ಕಾಪಾಡುವುದೂ ನ್ಯಾಯವೇ.

ಹಾಗಾದರೆ ದೂರುದಾರ ಮರಣಹೊಂದಿದರೆ ಅಥವಾ ಪ್ರತಿಕೂಲ ಸಾಕ್ಷಿಯಾದರೆ ಪ್ರಕರಣವೂ ಸಾಯಬೇಕೇ? ಈ ಪ್ರಶ್ನೆಗೆ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ನೇತೃತ್ವದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ನೀರಜ್ ದತ್ತಾ ಪ್ರಕರಣದಲ್ಲಿ 2022ರ ಡಿಸೆಂಬರ್ 15ರಂದು ಉತ್ತರ ನೀಡಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಇಬ್ಬರೂ ಕನ್ನಡ ನಾಡಿನವರು. ಬೇಡಿಕೆಯನ್ನು ಇತರ ಸಾಕ್ಷಿಗಳಿಂದಲೂ ಸಾಂದರ್ಭಿಕ ಸಾಕ್ಷ್ಯದಿಂದಲೂ ಸಾಬೀತುಪಡಿಸಬಹುದೆಂದು ಪೀಠ ಹೇಳಿತು. ಆದರೆ ಮುಂದೆ ನಡೆದುದನ್ನು ಗಮನಿಸಿರಿ. ದೆಹಲಿಯಲ್ಲಿ ವಿದ್ಯುತ್ ಮೀಟರಿಗಾಗಿ 2000ದಲ್ಲಿ ಲಂಚ ಕೇಳಲಾಯಿತೆಂಬ ಆ ಪ್ರಕರಣದಲ್ಲಿ ದೂರುದಾರ ಸಾಕ್ಷಿ ನುಡಿಯುವ ಮೊದಲೇ ತೀರಿಕೊಂಡಿದ್ದರು. 2023ರ ಮಾರ್ಚ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವು ಉಳಿದ ಸಾಕ್ಷ್ಯವನ್ನು ಪರಿಶೀಲಿಸಿ, ಬೇಡಿಕೆ ಸಾಬೀತಾಗಿಲ್ಲವೆಂದು ಆರೋಪಿಯನ್ನು ಖುಲಾಸೆಗೊಳಿಸಿತು. ಬಾಗಿಲು ತೆರೆದಿದೆ, ಆದರೆ ಅದು ಕಿರಿದಾದುದು.

ಸಾವು ನಮ್ಮ ಕೈಯಲ್ಲಿಲ್ಲ. ಮಾತು ಬದಲಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ವಿಚಾರಣೆಯ ಹೊತ್ತಿಗೆ ದೂರುದಾರನ ಕೆಲಸ ಆಗಿರುತ್ತದೆ. ಅಧಿಕಾರಿ ಮತ್ತೆ ಅದೇ ಕಚೇರಿಗೆ ಬಂದಿರಲೂಬಹುದು. ಆಗ ಊರಿನ ಹಿರಿಯರೊಬ್ಬರು ಮನೆಗೆ ಬಂದು, "ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ಬಿಟ್ಟುಬಿಡಪ್ಪಾ" ಎನ್ನುತ್ತಾರೆ. ಆ ಹಿರಿಯರು ಬೇರೆಲ್ಲಿಂದಲೋ ಬಂದವರಲ್ಲ, ನಮ್ಮವರೇ. ಇದನ್ನು ರಾಜಿ ಎಂದು ಕರೆಯುತ್ತೇವೆ. ಆದರೆ ನಾಳೆ ಅದೇ ಮೇಜಿನ ಮುಂದೆ ನಿಲ್ಲಲಿರುವ ವಿಧವೆಯ ಹಕ್ಕನ್ನು ರಾಜಿ ಮಾಡಲು ನಮಗೆ ಅಧಿಕಾರ ಕೊಟ್ಟವರು ಯಾರು?

ಸಹೋದರರೇ, 2018ರ ತಿದ್ದುಪಡಿಯ ಬಳಿಕ ಲಂಚ ಕೊಡುವುದೂ ಅಪರಾಧವಾಗಿದೆ. ಬಲವಂತಕ್ಕೆ ಒಳಗಾಗಿ ಕೊಟ್ಟವರು 7 ದಿನಗಳೊಳಗೆ ತಿಳಿಸಿದರೆ ರಕ್ಷಣೆಯಿದೆ. ಮೊದಲೇ ತಿಳಿಸಿ, ಬಲೆಯ ಭಾಗವಾಗಿ ಹಣ ಕೊಟ್ಟವರಿಗೂ ರಕ್ಷಣೆಯಿದೆ. ಕರ್ನಾಟಕದಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿದ ಬಳಿಕ ಲೋಕಾಯುಕ್ತ ಪೊಲೀಸರೇ ಈ ದೂರುಗಳನ್ನು ಸ್ವೀಕರಿಸುತ್ತಾರೆ. ಲಂಚ ಕೇಳಿದ ದಿನ, ಸ್ಥಳ, ಆಡಿದ ಮಾತುಗಳನ್ನು ಅಂದೇ ಬರೆದಿಡಿರಿ. ಫೋನಿನ ಸಂಭಾಷಣೆಯಿದ್ದರೆ ಅಳಿಸದೆ ಇಟ್ಟುಕೊಳ್ಳಿರಿ. ನ್ಯಾಯಾಲಯ ಕರೆದಾಗ ಹೋಗಿ, ನಡೆದುದನ್ನು ಕೂಡಿಸದೆ ಕಳೆಯದೆ ಹೇಳಿರಿ. ನೆರೆಯವರು ಸಾಕ್ಷಿ ನುಡಿಯಲು ಹೊರಟರೆ ತಡೆಯದೆ, ಅವರೊಂದಿಗೆ ನ್ಯಾಯಾಲಯದ ಮೆಟ್ಟಿಲವರೆಗಾದರೂ ಹೋಗೋಣ.

ತೀರ್ಪು ನೀಡುವ ಹೊಣೆ ನ್ಯಾಯಾಧೀಶರದು. ಅವರ ಮುಂದೆ ಸತ್ಯವನ್ನಿಡುವ ಹೊಣೆ ನಮ್ಮದು. ಅದನ್ನು ನಿರ್ವಹಿಸಿದ ಬಳಿಕವೇ ತೀರ್ಪಿನ ಬಗ್ಗೆ ಮಾತನಾಡೋಣ ಎಂದು ವಿನಂತಿಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.