ಹಕ್ಕಿಜ್ವರ: ಕೋಳಿಯ ರಕ್ತ ಪರೀಕ್ಷೆ ಏನನ್ನು ತಿಳಿಸುತ್ತದೆ?

(ಮೂಡಿಗೆರೆ ಭಾಗದ ರೈತರಿಗೆ ನೀಡಿದ ಉಪನ್ಯಾಸ)



ಮೂಡಿಗೆರೆ, ಕಳಸದ ಕಡೆ ತೋಟದ ಮನೆಗಳಲ್ಲೂ ಲೈನ್‌ಮನೆಗಳಲ್ಲೂ ನಾಟಿಕೋಳಿ ಸಾಕದವರು ಕಡಿಮೆ. ಕಾಫಿಗೂ ಮೆಣಸಿಗೂ ಹಾಕಲು ಬಯಲುಸೀಮೆಯಿಂದ ಕೋಳಿಗೊಬ್ಬರವೂ ಬರುತ್ತದೆ. ಆದುದರಿಂದ ಹಕ್ಕಿಜ್ವರ ನಮಗೆ ದೂರದ ವಿಷಯವಲ್ಲ. ನಮ್ಮ ರಾಜ್ಯದಲ್ಲಿ ಈ ರೋಗ 2012ರಲ್ಲಿ ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರು ಮತ್ತು ಹರಿಹರದ ಕಡೆ, 2025ರಲ್ಲಿ ಚಿಕ್ಕಬಳ್ಳಾಪುರ ಹಾಗೂ ಬಳ್ಳಾರಿ ಜಿಲ್ಲೆಗಳಲ್ಲಿ ಕಾಣಿಸಿಕೊಂಡಿತು.

“ರಕ್ತ ಪರೀಕ್ಷೆ ಮಾಡಿಸಿದರೆ ರೋಗ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವೆ?” ಎಂದು ಹಲವರು ಕೇಳುತ್ತಾರೆ. ಗೊತ್ತಾಗುತ್ತದೆ. ಆದರೆ ಎಲ್ಲ ಸಂದರ್ಭಗಳಲ್ಲೂ ಅಲ್ಲ. ಇದನ್ನು ತಿಳಿಯದಿದ್ದರೆ ನಷ್ಟ ನಮಗೇ.

ವೈರಸ್ ಕೋಳಿಯ ಮೈ ಸೇರಿದ ಮೇಲೆ ಅದನ್ನು ಎದುರಿಸುವ ಪ್ರತಿಕಾಯಗಳು ರಕ್ತದಲ್ಲಿ ಹುಟ್ಟುತ್ತವೆ. ಇದಕ್ಕೆ ಸುಮಾರು ಒಂದು ವಾರವಾದರೂ ಬೇಕು. ರಕ್ತ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಈ ಪ್ರತಿಕಾಯಗಳನ್ನು.

ಪರೀಕ್ಷೆಯ ಕ್ರಮ ಹೀಗಿದೆ. ಪಶುವೈದ್ಯರು ಕೋಳಿಯ ರೆಕ್ಕೆಯ ಒಳಬದಿಯ ರಕ್ತನಾಳದಿಂದ ಒಂದೆರಡು ಮಿಲಿ ಲೀಟರು ರಕ್ತ ತೆಗೆಯುತ್ತಾರೆ. ಅದು ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ತಿಳಿ ದ್ರವವೇ ಸೀರಂ. ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಹಕ್ಕಿಜ್ವರದ ವೈರಸ್‌ಗೆ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವ ಗುಣವಿದೆ. ಸೀರಂನಲ್ಲಿ ಪ್ರತಿಕಾಯವಿದ್ದರೆ ಅಂಟುವಿಕೆ ನಿಲ್ಲುತ್ತದೆ. ಕಣಗಳು ತಟ್ಟೆಯ ಗುಳಿಯ ತಳದಲ್ಲಿ ಕೆಂಪು ಗುಂಡಿಯಂತೆ ಕೂರುತ್ತವೆ. ಸೀರಂ ಅನ್ನು 16 ಪಟ್ಟು ತೆಳುಮಾಡಿದರೂ ಅಂಟುವಿಕೆ ನಿಂತರೆ ಪ್ರತಿಕಾಯ ಇದೆ ಎಂದು ಎಣಿಸುತ್ತಾರೆ. ಬಣ್ಣದ ಬದಲಾವಣೆಯಿಂದ ತಿಳಿಯುವ ಎಲಿಸಾ ಪರೀಕ್ಷೆಯೂ ಉಂಟು.

ಮುಖ್ಯ ಅಂಶ ಇಲ್ಲಿದೆ. ಎಚ್‌5ಎನ್‌1ರಂಥ ಉಗ್ರ ರೋಗ ತಗುಲಿದ ಕೋಳಿ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲೇ ಸಾಯುತ್ತದೆ. ಪ್ರತಿಕಾಯ ಹುಟ್ಟಲು ಸಮಯವೇ ಸಿಗುವುದಿಲ್ಲ. ಆದುದರಿಂದ ರಕ್ತದಲ್ಲಿ ಪ್ರತಿಕಾಯ ಇಲ್ಲವೆಂದರೆ ರೋಗವಿಲ್ಲ ಎಂದು ಅರ್ಥವಲ್ಲ. ಕೋಳಿಗಳು ಸಾಯುತ್ತಿರುವಾಗ ಗಂಟಲಿನ ಮತ್ತು ಗುದದ್ವಾರದ ದ್ರವವನ್ನೂ ಸತ್ತ ಕೋಳಿಯನ್ನೂ ಪರೀಕ್ಷಿಸಿ ವೈರಸ್ಸನ್ನೇ ಹುಡುಕಬೇಕು. ಇದರ ಅಂತಿಮ ದೃಢೀಕರಣ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಆಗುತ್ತದೆ.

ಹಾಗಾದರೆ ರಕ್ತ ಪರೀಕ್ಷೆ ವ್ಯರ್ಥವೆ? ಖಂಡಿತ ಅಲ್ಲ. ರೋಗದ ಲಕ್ಷಣ ತೋರದೆ ವೈರಸ್ ಹೊರುವ ಬಾತುಕೋಳಿಗಳಲ್ಲಿ, ಎಚ್‌9ಎನ್‌2ರಂಥ ಸೌಮ್ಯ ವೈರಸ್ ತಗುಲಿ ಬದುಕುಳಿದ ಕೋಳಿಗಳಲ್ಲಿ ಸೋಂಕು ಹಾದುಹೋದುದನ್ನು ಇದೇ ತಿಳಿಸುತ್ತದೆ. ಲಸಿಕೆಯಿಂದಲೂ ಪ್ರತಿಕಾಯ ಹುಟ್ಟುವುದರಿಂದ ಯಾವ ಲಸಿಕೆ ಹಾಕಿಸಿದ್ದೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಕೋಳಿಗಳು ಒಮ್ಮೆಲೇ ಹೆಚ್ಚಾಗಿ ಸತ್ತರೆ, ಜುಟ್ಟು ನೀಲಿಗಟ್ಟಿದರೆ, ತಲೆ ಊದಿಕೊಂಡರೆ ಅದು ಕೊಕ್ಕರೆ ರೋಗವೆಂದು ನೀವೇ ತೀರ್ಮಾನಿಸಬೇಡಿ. ಅಂಥ ಕೋಳಿಯನ್ನು ಕೊಯ್ಯಬೇಡಿ, ಹಳ್ಳಕ್ಕೆ ಎಸೆಯಬೇಡಿ. ಉಳಿದವನ್ನು ಸಂತೆಗೆ ಒಯ್ಯಬೇಡಿ. ರೋಗವಿರುವ ಕಡೆಯಿಂದ ಗೊಬ್ಬರ ತರಿಸಬೇಡಿ. ಆ ದಿನವೇ ಪಶು ಆಸ್ಪತ್ರೆಗೆ ತಿಳಿಸಿ. ರೋಗ ತಡೆಯಲು ಸರ್ಕಾರ ಕೊಲ್ಲಿಸುವ ಕೋಳಿಗಳಿಗೆ ಪರಿಹಾರವುಂಟು, ತಿಳಿಸುವುದಕ್ಕೆ ಹೆದರಬೇಕಿಲ್ಲ.